ಬಾಚಣಿಗಿ, ಕವಣಿ, ಚಸ್ಮಾ: ನಮ್ಮ ಸೊಸಿ ಅಂಗಡಿಗೆ ಗಣಿತಾ ಬಂದದ್ದು

ನವಿ ಪೇಠದ ಹಿಂದಿನ ಗಲ್ಲ್ಯಾಗ ನಮ್ಮ ಸೊಸಿದು ಒಂದು ಟೈಪಿಂಗ್ ಅಂಗಡಿ ಅದ. ದಿನಕ್ಕ ಒಂದರೆ ನಗೋವಂಥಾದ್ದು ಆಗದ ಆ ಅಂಗಡಿ ಬಾಗಲಾ ಹಾಕಿದ್ದು ನಾ ಇನ್ನಾ ನೋಡಿಲ್ಲ. ನನಗೇನ ಕಂಪ್ಯೂಟರ್ ತಿಳಿಯೂದಿಲ್ಲ. ಅಕ್ಕಲಕೋಟದ ಕನ್ನಡ ಸಾಲ್ಯಾಗ ಮೂರನೇ ಇಯತ್ತಾ ತನಕ ಕಲಿತೆ. ಅಷ್ಟರಾಗ ತಮ್ಮ ಹುಟ್ಟಿದ, ಅವನ್ನ ಬಗಲಾಗ ಎತಿಗೊಂಡು ತಿರಗಾಕ ನನ್ನ ಸಾಲಿ ಬಿಡಿಸಿದ್ರು. ದೇವರು ಅಕ್ಷರಾ ಕಡಿಮಿ ಕೊಟ್ಟ, ಕಿವಿ ಮಾತ್ರ ಚಲೋ ಕೊಟ್ಟ. ಅದರ ಉಪಕಾರ ಮರಿಯಾಕಿ ನಾ ಅಲ್ಲ.

ಈಗ ಹೇಳಾವು ಐದಾರು ಪ್ರಸಂಗ. ಇದರಾಗ ಒಬ್ಬ ಗಣಿತದ ಬಾಯಾರ ನೌಕರಿ ಉಳಿಯೂದೋ ಹೋಗೂದೋ ಅನ್ನೋ ಮಾತೂ ಬರತದ. ಟೀಚರಗೆ ನಮ್ಮ ಕಡೆ ಬಾಯಾರು ಅಂತೀವಿ. ನಾ ಹೇಳಾಕತ್ತೀನಿ, ಸೊಸಿ ಟೈಪ್ ಮಾಡಾಕತ್ತಾಳ. ನಡುವ ನಡುವ "ಅತ್ಯಾರ, ಇದು ಬ್ಯಾಡ್ರಿ" ಅಂತಾಳ. ಆಕಿ ಬ್ಯಾಡ ಅಂದದ್ದನ್ನ ಮೊದಲ ಹಾಕಸ್ತೀನಿ.

೧. ವಯಸ್ಸಾಗದ ವರ

ಅಂಗಡ್ಯಾಗ ನಂದು ಒಂದು ಸ್ಟೂಲ್ ಅದ, ಬಾಗಲಾ ಹತ್ತರ. ಕಾಗದಾ ಜೋಡಿಸಿ ಪಿನ್ ಹೊಡಿಯೂದು ನನ್ನ ಕೆಲಸ. ಪಿನ್ ಹೊಡ್ಯಾಕ ಕೈ ಸಾಕು. ಕಿವಿ ಖಾಲಿನ ಇರತಾವ.

ಮದವಿ ಬಯೋಡಾಟಾ ಮಾಡಸಾಕ ಬರೋ ಮಂದಿ ಭಾಳ. ಒಬ್ಬ ತಾಯಿ ಮೂರು ದೀಪಾವಳಿ ಮುಗದಕೂಡ್ಲೆ ಮೂರು ಸಲ ಬಂದ್ಲು. ಮೂರೂ ಸಲ ಮಗನ ವಯಸ್ಸು ಇಪ್ಪತ್ತೊಂಬತ್ತು. ಮೂರನೇ ಸಲ ಹೊಸಾ ಫೋಟೋ ತಂದಿದ್ಲು. ಫೋಟೋದಾಗ ಹುಡುಗನ ನೆತ್ತಿ ತೊಳದಿಟ್ಟ ತಾಟಿನಂಗ ಹೊಳ್ಯಾಕತ್ತಿತ್ತು.

ಸೊಸಿ ಮೆತ್ತಗ ಕೇಳಿದ್ಲು, "ಕಾಕೂ, ವಯಸ್ಸು ಒಂದೀಟು ಏರಸಲೇನ್ರಿ?"

"ಬ್ಯಾಡವಾ," ಅಂದ್ಲು ಆ ತಾಯಿ, "ಅವಗ ಇನ್ನಾ ತಿಳವಳಿಕಿ ಬಂದಿಲ್ಲ."

"ಖರೆ ರಿ ವೈನಿ," ಅಂದೆ ನಾ. "ತಿಳವಳಿಕಿ ಬರೂಕಿಂತ ಮೊದಲ ಕೂದಲಾ ಹೋಗಿಬಿಟ್ಟಾವ."

ಆವತ್ತಿಂದ ಸೊಸಿ ನನ್ನ ಸ್ಟೂಲ್ ಎರಡು ಮಾರು ಹಿಂದಕ್ಕ ಸರಿಸಿದ್ಲು. ಪಾಪ, ಅಲ್ಲಿಂದ ಇನ್ನಾ ಚಲೋ ಕಾಣತದ ಅಂತ ಆಕಿಗೆ ಗೊತ್ತಿರಲಿಲ್ಲ.

೨. ಹಲ್ಲು ನೋವಿನ ಬಾಯಾರು

ಹಿಂಗ ಕುಂತಿರುವಾಗ ಐತವಾರಕ್ಕೊಮ್ಮೆ ಒಬ್ಬ ಬಾಯಾರು ಬರಾಕ ಸುರು ಮಾಡಿದ್ರು. ಅಕ್ಕಲಕೋಟದ ಕಾಲೇಜಿನ್ಯಾಗ ಗಣಿತಾ ಕಲಸೋರು, ಮೂವತ್ತೈದರ ಆಚೀಚೆ. ಕೈಯಾಗ ಪೂರಾ ಬರದು ತುಂಬಿಸಿದ ಒಂದು ದಪ್ಪ ವಹಿ. ಸೊಸಿಗೆ ಅದನ್ನ ಕೊಟ್ಟು ಕುಸುಕುಸು ಮಾತಾಡೋರು.

ನನಗ ಮೊದಲನೇ ದಿನಾನ ವಾಸನಿ ಬಂತು. ಯಾವಂವೋ ಒಬ್ಬ ಗಂಡಸು ಮೋಟಾರಸೈಕಲ್ ಮ್ಯಾಲ ಕರಕೊಂಡು ಬಂದು ಗಲ್ಲಿ ಮೂಲ್ಯಾಗ ಇಳಿಸಿ, ಆ ಕಡೆ ಈ ಕಡೆ ನೋಡಿ, ಹೋಗಿಬಿಡತಿದ್ದ. ಒಳಗ ಬರೂ ಹಂಗಿಲ್ಲ, ಮಾತಿಲ್ಲ. ಅಷ್ಟರಾಗ ಅತ್ತಿ ಕಡಿಂದ ಬಾಯಾರಿಗೆ ಫೋನ್ ಬಂತು.

"ಹೂಂನ್ರಿ ಅತ್ಯಾರ, ಹಲ್ಲಿನ ಡಾಕ್ಟರ ಕಡೆ ಕುಂತೀನ್ರಿ. ಭಾಳ ಗರ್ದಿ ಅದ. ಬಾಯಿ ತೆರಿಯಾಕ ಬರವಲ್ದು."

ಹಿಂಗಂದು ಫೋನ್ ಇಟ್ಟು, ಬಾಯಿ ತೆರೆದು ಒಂದು ಮಿರ್ಚಿ ಭಜಿ ಪೂರಾ ಒಳಗ ಹಾಕಿದ್ರು. ನೋಡ್ರಿ ಮತ್ತ! ಯಾರಿಗೆ ಸಂಶಯ ಬರೂದಿಲ್ಲ?

ಅವರು ನೀರು ಕುಡ್ಯಾಕ ಎದ್ದಾಗ ವಹಿ ತೆಗದು ನೋಡಿದೆ. ತಲಿ ಕೆಳಗಾದ ಅಕ್ಷರಾ, ಮಗ್ಗಲಿಗೆ ಬಿದ್ದ ತ್ರಿಶೂಲ, ಹೆಡಿ ಎತ್ತಿದ ಹಾವು, ಕಣ್ಣಿಲ್ಲದ ಮುಖಾ. ನಮ್ಮೂರಾಗ ಅಮಾಸಿ ದಿನ ಲಿಂಬಿಹಣ್ಣಿನ ಜೋಡಿ ಇಟ್ಟು ಹೋಗತಾರಲ್ಲ, ಆ ಚೀಟಿನ ಇದು ಅಂದ್ಕೊಂಡೆ. ಮಾಟಾ!

ನಾ ಯಾರಿಗೂ ಹೇಳಲಿಲ್ಲ. ಗಿರಣಿ ಕಾಕೂಗ ಅಷ್ಟ ಹೇಳಿದೆ. ನಮ್ಮ ಗಲ್ಲ್ಯಾಗ ಹಿಟ್ಟಿನ ಗಿರಣಿ ನಡಸೋ ಹೆಣಮಗಳು, ಅಗದಿ ನಂಬಿಕಸ್ತಳು. ಆಕಿಗೂ "ಯಾರ ಮುಂದೂ ಆಡಬ್ಯಾಡ" ಅಂತ ಆಣಿ ಹಾಕಿಸೇ ಹೇಳಿದೆ.

ಬುಧವಾರ ಮೆಂತೆಪಲ್ಲೆ ತೊಗೊಳ್ಳಾಕ ಹೋದ್ರ ಪಲ್ಲೆ ಮಾರಾಕಿನ ನನಗ ಹೇಳಾಕತ್ತಾಳ: "ಆಯಿ, ನಿಮ್ಮ ಅಂಗಡಿಗೆ ಒಬ್ಬಾಕಿ ಬರತಾಳಂತ. ಮಾಟಾ ಮಾಡತಾಳಂತ. ಇಬ್ಬರು ಗಂಡಂದಿರಂತ, ಒಬ್ಬಂವ ಹಲ್ಲಿನ ಡಾಕ್ಟರಂತ!"

ನಾ ಕೊಟ್ಟದ್ದು ಒಬ್ಬ ಗಂಡಸು. ಗಿರಣಿಗೆ ಹಾಕಿದ್ರ ಕಾಳು ಹಿಟ್ಟಾಗಿ ಉಬ್ಬತಾವ ಅನ್ನೋದು ಗೊತ್ತಿತ್ತು. ಗಂಡಂದಿರೂ ಉಬ್ಬತಾರ ಅಂತ ಗೊತ್ತಿರಲಿಲ್ಲ.

೩. ಮೋಟಾರಸೈಕಲ್ ಮ್ಯಾಲಿನ ಕಳ್ಳ

ನಗಬ್ಯಾಡ್ರಿ, ಮುಂದಿನ ಐತವಾರ ನನ್ನ ನಗಿ ಹೋತು. ಬಾಯಾರು ಬಂದು ಕುಂತಿದ್ರು. ಬಾಗಲಾಗ ಒಬ್ಬಾಕಿ ಹಿರೇ ಹೆಣಮಗಳು ಬಂದು ನಿಂತ್ಲು. ಇಳಕಲ್ ಸೀರಿ, ಕೈಯಾಗ ಗಂಡಸರು ಮಳ್ಯಾಗ ಹಿಡಿಯೋ ಕರೇ ಕೊಡಿ, ಮುಖಾ ಕಾದ ಹಂಚು. ಕುರನೂರದ ಒಕ್ಕಲತನದ ಮನಿಯಾಕಿ, ಬಾಯಾರ ಅತ್ತಿ. ಗಿರಣಿ ಹಿಟ್ಟು ಅಲ್ಲಿ ತನಕ ಹಾರಿತ್ತು.

"ಎಲ್ಲದಾನ ಆ ಹಲ್ಲಿನ ಡಾಕ್ಟರ?" ಅಂತ ಗದರಿಸಿದ್ಲು. "ಮೋಟಾರಸೈಕಲ್ ಮ್ಯಾಲ ಬಿಟ್ಟು ಓಡಿ ಹೋಗೋ ಕಳ್ಳ ಯಾರಂವ? ಇವತ್ತ ಅವನ ಹಲ್ಲೆಲ್ಲಾ ನಾನ ಕೀಳತೀನಿ."

ಬಾಯಾರು ವಹಿ ಸೆರಗಿನ್ಯಾಗ ಮುಚ್ಚಿದ್ರು. ಸೊಸಿ ನನ್ನ ಮುಖಾ ನೋಡಿದ್ಲು. ನಾ ಪಿನ್ ಹೊಡಿಯೋ ಮಶೀನಿನ ಮುಖಾ ನೋಡಿದೆ.

ಅಷ್ಟರಾಗ ಗಲ್ಲಿ ಮೂಲ್ಯಾಗ ಅದ ಗಾಡಿ ಸಪ್ಪಳಾತು. ಬಾಯಾರ ಚಸ್ಮಾ ಗಾಡ್ಯಾಗ ಉಳಿದಿತ್ತಂತ, ಕೊಡಾಕ ತಿರಗಿ ಬಂದಿದ್ದ. ಅತ್ತಿ ಕೊಡಿ ಎತಿಗೊಂಡು ಓಡಿದ್ಲು. ಗಲ್ಲಿಗೆ ಗಲ್ಲೀನ ಹಿಂದ ಓಡಿತು. ನಾನೂ ಮೊಣಕಾಲ ನೋವು ಮರತು ಓಡಿದೆ.

ಹೋಗಿ ನೋಡಿದ್ರ ಕೊಡಿ ಮ್ಯಾಲ ಎತ್ತಿದ್ದು ಎತ್ತಿದಂಗ ಅದ. ಹೆಲ್ಮೆಟ್ ತೆಗದವ ಆಕಿ ಹೊಟ್ಟ್ಯಾಗ ಹುಟ್ಟಿದ ಮಗಾನ.

"ಅವ್ವಾ, ನೀ ಇಲ್ಲ್ಯಾಕ?" ಅಂದ ಅಂವ.

"ಆ ಕಳ್ಳನ್ನ ಹಿಡ್ಯಾಕ ಬಂದೀನಿ," ಅಂದ್ಲು ಆಕಿ, ಕಿವಿ ಹಿಡದು ಎಳಕೊಂತ, "ಸಿಕ್ಕಾನ."

ಅಂಗಡ್ಯಾಗ ಕುಂತ ಮ್ಯಾಲ ಬಾಯಾರು ಕಣ್ಣೀರು ಒರಸಕೋತ ಎಲ್ಲಾ ಹೇಳಿದ್ರು. ಆ ವಹಿ ಅವರ ಡಾಕ್ಟರೇಟಿನ ಪ್ರಬಂಧ. ಮಾಟಲ್ಲ, ಗಣಿತಾ. ಈ ವರ್ಷದಾಗ ಡಿಗ್ರಿ ಸಿಕ್ರ ಕಾಲೇಜಿನ ನೌಕರಿ ಕಾಯಂ, ಇಲ್ಲಂದ್ರ ಮನಿ. ಗೈಡ್ ಸರ್ ಭಾಳ ಕಡಕ. ಎರಡು ಸಲ ಪ್ರಬಂಧ ವಾಪಸ್ ಕೊಟ್ಟಾರ, ಲೆಕ್ಕಾ ತಪ್ಪಂತಲ್ಲ, ಗಣಿತದ ಚಿಹ್ನೆ ಟೈಪಿನ್ಯಾಗ ಬರಾಬರ ಬಂದಿಲ್ಲಂತ. ಇನ್ನೊಮ್ಮೆ ತಪ್ಪಿದ್ರ ಬ್ಯಾರೆ ಗೈಡ್ ನೋಡಕೋರಿ ಅಂದಾರ, ಅವರೂ ಇನ್ನೇನ ರಿಟೈರ್ ಆಗವರು. ಇದನ್ನೆಲ್ಲಾ ಅತ್ತಿ ಮುಂದ ಹೇಳಾಕ ನಾಚಿಕಿ. ಅದಕ್ಕ ಗಂಡಾ ಹೆಂಡತಿ ಕೂಡಿ ಹಲ್ಲು ನೋವು ಹಚ್ಚಿದ್ರು.

ಅತ್ತಿ ಕೊಡಿ ಕೆಳಗ ಇಟ್ಲು. ಆಮ್ಯಾಲ ಬಾಯಾರ ಬೆನ್ನ ಮ್ಯಾಲ ಕೈ ಇಟ್ಟು, "ಎರಡು ಸಲ ವಾಪಸ್ ಬಂದದ್ದಕ್ಕ ನನಗ ಅಂಜತೀ ಏನ ಹುಚ್ಚಿ? ನಿನ್ನ ಗಂಡಾ ಮ್ಯಾಟ್ರಿಕ್‌ನ್ಯಾಗ ಮೂರು ಸಲ ವಾಪಸ್ ಬಂದಾನ," ಅಂದ್ಲು.

೪. ಚಿಹ್ನೆಗಳ ಸಂತಿ

ಸುದ್ದಿ ಹಬ್ಬಿಸಿದಾಕಿ ನಾನ ಅಂತ ಬಾಯಾರಿಗೆ ತಿಳಿಯದ ಇರತದ? ಆದ್ರ ಆ ಪುಣ್ಯಾತಗಿತ್ತಿ ಒಂದ ಮಾತು ಬಿರುಸ ಆಡಲಿಲ್ಲ. "ಆಯಿ, ನಿಮ್ಮ ಕೃಪಾದಿಂದ ನನ್ನ ಹಲ್ಲು ನೋವು ವಾಸಿ ಆತು ನೋಡ್ರಿ," ಅಂದ್ರು. ಬೈದಿದ್ರ ನಾನೂ ನಾಕು ಬೈದು ಮರೀತಿದ್ದೆ. ಬೈಲಿಲ್ಲ ಅನ್ನೋದಕ್ಕ ಋಣಾ ಹತ್ತಿತು. ಈಕಿ ಪುಸ್ತಕ ಬರಾಬರ ಆಗೂ ತನಕ ಸ್ಟೂಲ್ ಬಿಟ್ಟು ಏಳೂದಿಲ್ಲ ಅಂತ ಮನಸಿನ್ಯಾಗ ಅಂದ್ಕೊಂಡೆ.

ಏಳೂದಿಲ್ಲ ಅಂದ್ರ ಆತೇನು? ನಮ್ಮ ಸೊಸಿ ಕೂಡಸೂ ಕಳಿಯೂ ಅಧಿಕಾ ಉಣಾ ಬಿಟ್ಟು ಬ್ಯಾರೆ ಗಣಿತಾ ಟೈಪ್ ಮಾಡಿದಾಕಿ ಅಲ್ಲ. ಮೊದಲಿನ ಟೈಪಿಸ್ಟ್ ಚಿಹ್ನೆ ಬದಲಿ ತನಗ ಸಿಕ್ಕ ಅಕ್ಷರಾ ಹಾಕಿದ್ದ. ಎರಡನೇದವ ಜಾಗಾ ಖಾಲಿ ಬಿಟ್ಟು ಪೆನ್ನಿಲೆ ತುಂಬಿಸಿದ್ದ. ಶಾಯಿ ಹರಡಿ ಎಲ್ಲಾ ಜಿರಳಿ ಆಗಿದ್ದವು. ಈ ಸಲ ಒಂದೂ ಪೆನ್ನಿಲೆ ಬರೀಬಾರದು ಅಂತ ಗೈಡ್ ಸರ್ ಹುಕುಂ.

ಅನಂತದ ಚಿಹ್ನೆ ಬಂತು, ಮಲಗಿದ ಎಂಟಿನಂಥಾದ್ದು. ಸೊಸಿ ಸೀದಾ 8 ಹೊಡದ್ಲು.

"ಇದು ಎಂಟಾತಲ್ಲವಾ," ಅಂದ್ರು ಬಾಯಾರು.

"ಇಲ್ಲಿ ಬಂದಾಗ ಕಾಗದಾ ಅಡ್ಡ ಹಿಡೀಬೇಕ್ರಿ."

"ಮತ್ತ ಮುಂದಿನ ಸಾಲು?"

"ತಿರಗಿ ಸೀದಾ ಹಿಡೀರಿ."

ಬಾಯಾರು ಹಣಿ ಹಣಿ ಬಡಕೊಂಡು ನಕ್ಕು, ತಾವ ಕಂಪ್ಯೂಟರ್ ಮುಂದ ಕುಂತ್ರು. ಇನ್ಸರ್ಟ್ ಅಂದ್ರು, ಸಿಂಬಲ್ ಅಂದ್ರು, ಒಂದು ಖಿಡಕಿ ತೆರೀತು. ಅಬಬಬ! ಮಂಗಳವಾರದ ಸಂತಿನ ತೆರೆದಂಗಾತು. ಸಣ್ಣ ಸಣ್ಣ ಚೌಕಾ, ಒಂದೊಂದರಾಗ ಒಂದೊಂದು ಚಿಹ್ನೆ, ಕೆಳಗ ಎಳದಂಗೆಲ್ಲಾ ಮತ್ತ ಬರತಾವ. ಅದರಾಗ ಬೇಕಾದ್ದು ಹುಡುಕೂದ್ರಾಗ ಸೊಸಿ ಕಣ್ಣಾಗ ನೀರು ಬಂತು. ಆಕಿಗೆ ಓದು ಬರತದ, ಅದಕ್ಕ ಪ್ರತಿಯೊಂದನ್ನೂ ಓದಾಕ ಹೋಗತಾಳ. ನನಗ ಅವನ್ನ ಓದಾಕ ಬರೂದಿಲ್ಲ. ನಾ ಬರೇ ಮುಖಾ ನೋಡತೀನಿ. ಮದವಿ ಚಪ್ಪರದಾಗ ಐನೂರು ಮಂದಿ ಕುಂತಿರಲಿ, ಯಾರು ಬಂದಾರ ಯಾರು ಬಂದಿಲ್ಲ ಒಂದು ಸುತ್ತಿನ್ಯಾಗ ಹೇಳೋ ಕಣ್ಣಿವು.

"ತಡಿ!" ಅಂದೆ ಹಿಂದ ಕುಂತು. "ಎಡಗಡೆ ಮೂಲ್ಯಾಗ, ಬಾಚಣಿಗಿ ಬಾಜೂಕ, ನೋಡು ಅಲ್ಲಿ ಕೊಕ್ಕಿ."

ಅದ ಬೇಕಾಗಿತ್ತು. ಬಾಯಾರು ಹೊಳ್ಳಿ ನೋಡಿದ್ರು, "ಆಯಿ, ಯಾವ ಬಾಚಣಿಗಿ?"

ಹಿಂಗ ನನ್ನ ಹೊಸಾ ನೌಕರಿ ಸುರು ಆತು. ಮೂರು ಹಲ್ಲಿನ ∃ ಬಾಚಣಿಗಿ. ಹಕ್ಕಿ ಹೊಡಿಯೋ ∀ ಕವಣಿ. ಗಡಿಗಿ ತೂಗ ಹಾಕೋ ನೆಲವಿಗೆ ಸಿಗಸೋ ∫ ಕೊಕ್ಕಿ. ∈ ಬಿದ್ದ ತ್ರಿಶೂಲ. √ ತಗಡಿನ ಪತ್ರಾದ ಮಾಡು. Δ ಸಮೋಸಾ. ∞ ನನ್ನ ಚಸ್ಮಾ. ಬಾಯಾರು ಇನ್ನೊಂದು ಯುಕ್ತಿ ಕಲಿಸಿದ್ರು: ಒಂದೊಂದಕ್ಕೂ ಒಂದು ನಂಬರ್ ಅದ. 2203 ಹೊಡದು, ಆಲ್ಟ್ ಒತ್ತಿ ಹಿಡದು ಎಕ್ಸ್ ಒತ್ತಿದ್ರ, ನಂಬರ್ ಹೋಗಿ ಅಲ್ಲಿ ಬಾಚಣಿಗಿ ಕುಂದ್ರತದ. ನನ್ನ ಬೊಟ್ಟಿಲೆ ಒತ್ತಿಸಿದ್ರು. ಎಪ್ಪತ್ತರ ಮ್ಯಾಲ ಆದಾಕಿ ನಾ, ಕೂಸಿನಂಗ ಚಪ್ಪಾಳಿ ಹೊಡದೆ. ಯಾರರೆ ನನಗ ಏನರೆ ಕಲಿಸಿ ಅರವತ್ತು ವರ್ಷ ದಾಟಿತ್ತು.

ಸೊಸಿ ಒಂದು ದೊಡ್ಡ ಕಾಗದದ ಮ್ಯಾಲ ನಾ ಇಟ್ಟ ಹೆಸರು, ಬಾಜೂಕ ನಂಬರು ಬರದು ಗ್ವಾಡಿಗೆ ಹಚ್ಚಿದ್ಲು. ಬಾಯಾರು ಅದರಾಗಿನ ಚಸ್ಮಾದ ಮ್ಯಾಲ ಕೈ ಇಟ್ಟು ಹೇಳಿದ್ರು, "ಆಯಿ, ಇದಕ್ಕ ಅಂತ್ಯಾನ ಇಲ್ಲ. ಎಷ್ಟು ಎಣಿಸಿದ್ರೂ ಇನ್ನೂ ಮ್ಯಾಲ ಹೋಗತದ."

"ಗೊತ್ತವಾ," ಅಂದೆ. "ನನ್ನ ಚಸ್ಮಾದ ನಂಬರೂ ಹಂಗ ಅದ."

೫. ಬಂಗಾರಿಲ್ಲದ ರುಖವತ

ಟೈಪ್ ಮುಗದ ಮ್ಯಾಲ ವಹಿ ಜೋಡಿ ತಾಳೆ ಹಾಕಿ ನೋಡೂದು. ಒಬ್ಬರು ದೊಡ್ಡ ದನಿ ಮಾಡಿ ಓದಬೇಕು, ಇನ್ನೊಬ್ಬರು ವಹಿ ನೋಡಿ ಹೂಂ ಅನಬೇಕು. ಸೊಸಿ ಓದಾಕ, ಬಾಯಾರು ಹೂಂ ಅನ್ನಾಕ, ನಾ ಪರದೆ ಮ್ಯಾಲ ಆಕಾರ ನೋಡಾಕ. ಚಿಹ್ನೆಗಳ ಇಂಗ್ಲಿಷ್ ಹೆಸರು ಸೊಸಿ ನಾಲಿಗಿ ಮ್ಯಾಲ ಹೊರಳೂದಿಲ್ಲ. ನಾ ಇಟ್ಟ ಹೆಸರಿನ್ಯಾಗ ಓದತಿದ್ಲು.

"ಒಂದು ಕವಣಿ... ಒಂದು ಬಾಚಣಿಗಿ... ಸಮೋಸಾ ಎರಡು... ಕೊಕ್ಕಿ ಒಂದು, ಅದರ ತಲಿ ಮ್ಯಾಲ ಚಸ್ಮಾ..."

"ಹೂಂ... ಹೂಂ..." ಅಂತ ಬಾಯಾರು.

ಗಿರಣಿ ಕಾಕೂ ಯಾವಾಗ ಬಂದು ಬಾಗಲಾಗ ನಿಂತಿದ್ಲೋ. ಹದಿನೈದು ಮಿನಿಟು ತಲಿ ವಾಲಿಸಿ ಕೇಳಿದಾಕಿ ತಡಕೊಳ್ಳಲಾರದ ಒಳಗ ಬಂದ್ಲು.

"ಯಾರ ಮನಿ ರುಖವತದ ಯಾದಿ ಓದಾಕತ್ತೀರೆವಾ?"

ಮದವ್ಯಾಗ ಹೆಣ್ಣಿನವರು ಮಗಳಿಗೆ ಕೊಡೂದನ್ನೆಲ್ಲಾ ಮಂದಿ ನೋಡಲಿ ಅಂತ ಚಪ್ಪರದಾಗ ಹೊಂದಿಸಿ ಇಡತಾರಲ್ಲ, ಅದು ರುಖವತ. ನಾ ಗಂಭೀರ ಮುಖಾ ಮಾಡಿ ಅಂದೆ, "ದೊಡ್ಡ ಮನಿದದ. ಹಾಳಿಗೆ ಹಾಳಿ ಹಚ್ಚಿ ನೂರಾ ಎಂಬತ್ತು ಪಾನ ಆಗೇದ."

ಕಾಕೂ ಎದಿ ಮ್ಯಾಲ ಕೈ ಇಟಗೊಂಡ್ಲು. "ನೂರಾ ಎಂಬತ್ತು ಪಾನಾ! ಮತ್ತ ನಾ ಇಷ್ಟೊತ್ತನಾ ನಿಂತು ಕೇಳೀನಿ, ಬಾಚಣಿಗಿ ಹತ್ತು ಸಲ ಬಂತು, ಒಂದು ಗುಂಜಿ ಬಂಗಾರ ಬರಲಿಲ್ಲ! ಹುಡುಗಿಗೆ ಏನ ಐಬು ಅದ ಹೇಳ್ರಿ, ಇಲ್ಲಾ ಹುಡುಗಂದು ತಲಿ ಜಡಿ ಕಟ್ಟೇದ!"

೬. ಡಬ್ಬಿ

ಪುಸ್ತಕ ಗೈಡ್ ಸರ್ ಕೈಗೆ ಹೋತು. ಅಕ್ಷರಾ ದೊಡ್ಡದು ಮಾಡಿ ತೋರಸೋ ಭಿಂಗ ಹಿಡದು ಮೂರು ದಿನ ನೋಡಿದ್ರಂತ, ಒಂದು ತಪ್ಪು ಸಿಗಲಿಲ್ಲಂತ. "ಹೂಂ" ಅಂದ್ರಂತ. ಅವರ ಬಾಯಾಗ ಹೂಂ ಅಂದ್ರ ಮಂದಿ ಬಾಯಾಗ ಶಾಲು, ಹಾರ, ಫೇಟಾ. ಆಮ್ಯಾಲ ಉಳಿದದ್ದು ಕಡೀ ಪರೀಕ್ಷಾ: ಹೊರಗಿನ ಊರಿಂದ ಒಬ್ಬ ದೊಡ್ಡ ಸರ್ ಬರತಾರ, ಬಾಯಾರು ಎಲ್ಲಾರ ಮುಂದ ನಿಂತು ಹೇಳಬೇಕು, ಅವರು ಕೇಳಬೇಕು. ಅಲ್ಲಿ ಗೆದ್ರ ಡಿಗ್ರಿ, ನೌಕರಿ. ಕೇಳಾಕ ಯಾರು ಬೇಕಾದವರು ಬಂದು ಕೂಡಬಹುದಂತ. ಬಾಯಾರು ಖಾಸ ಬಂದು ನನ್ನ ಕರದು ಹೋದ್ರು.

ಹೋದ್ವಿ. ಕಡೀ ಸಾಲಿನ್ಯಾಗ ನಾನು, ಸೊಸಿ, ಬಾಯಾರ ಅತ್ತಿ, ಆ ಮೋಟಾರಸೈಕಲ್ ಮಗಾ. ಮುಂದ ಗೈಡ್ ಸರ್, ಅವರ ಬಾಜೂ ಹೊರಗಿನ ಸರ್. ಬಾಯಾರು ಗಂಡನ ಆಫೀಸಿನ ಲ್ಯಾಪಟಾಪ್ ತಂದು ಹಚ್ಚಿದ್ರು. ದೀಪಾ ಆರಿಸಿದ್ರು, ಗ್ವಾಡಿ ಮ್ಯಾಲ ದೊಡ್ಡ ದೊಡ್ಡ ಅಕ್ಷರಾ ಬಿದ್ದವು.

ನೋಡತೀನಿ, ಒಂದೂ ಬಾಚಣಿಗಿ ಇಲ್ಲ, ಒಂದೂ ಕವಣಿ ಇಲ್ಲ! ಎಲ್ಲಾ ಕಡೆ ಖಾಲಿ ಡಬ್ಬಿ. ಎಕ್ಸ್ ಅದ, ವೈ ಅದ, ನಡುವ ಬರೇ ಡಬ್ಬಿ ಡಬ್ಬಿ. ಆ ಲ್ಯಾಪಟಾಪಿನ್ಯಾಗ ನಮ್ಮ ಚಿಹ್ನೆ ಇರಲೇ ಇಲ್ಲಂತ, ಸೊಸಿ ಕಿವ್ಯಾಗ ಹೇಳಿದ್ಲು.

ಬಾಯಾರು ಒಂದು ಪಾನ ಮುಂದ ಸರಿಸಿದ್ರು: ಡಬ್ಬಿ. ಹಿಂದ ಸರಿಸಿದ್ರು: ಡಬ್ಬಿ. ಗೈಡ್ ಸರ್ ಕಣ್ಣು ಮುಚಗೊಂಡ್ರು. ಹೊರಗಿನ ಸರ್ ಗಡಿಯಾರ ನೋಡಕೊಂಡ್ರು. ಬಾಯಾರು ಹಲಗಿ ಮ್ಯಾಲ ಬರಿಯೋ ಖಡು ಕೈಯಾಗ ತೊಗೊಂಡ್ರು. ಹಲಗಿ ಮುಂದ ನಿಂತಾರ, ಬರಿಯಾಕ ಕೈ ಏಳವಲ್ದು. ತಾವ ನಾಕು ವರ್ಷ ಬರದದ್ದು ಆ ಹೊತ್ತಿಗೆ ಅವರಿಗೆ ಮರತೇ ಹೋಗಿತ್ತು. ಅವರ ಅತ್ತಿ ನನ್ನ ಕೈ ಹಿಡಕೊಂಡ್ಲು, ಬಳಿ ನೆಟ್ಟವು.

ಆ ಹುಡುಗಿ ಹೆಸರಿಗೆ ಮಸಿ ಹಚ್ಚಿದ ಬಾಯಿ ನಂದು. ಈಗ ಸುಮ್ಮನ ಕುಂತ್ರ ದೇವರು ಮೆಚ್ಚತಾನ? ಎದ್ದು ನಿಂತೆ.

"ಬಾಯಾರ!" ಅಂದೆ. "ಮೊದಲನೇ ಡಬ್ಬಿ ಕವಣಿ!"

ಎಲ್ಲಾರೂ ಹೊಳ್ಳಿ ನೋಡಿದ್ರು. ಸೊಸಿ ಸೆರಗು ಹಿಡದು ಜಗ್ಗಾಕತ್ಲು. ನಾ ಕುಂದರಲಿಲ್ಲ.

"ಕವಣಿ ಆದ ಮ್ಯಾಲ ಎಕ್ಸ್. ಎಕ್ಸಿನ ಬಗಲಾಗ ಬಿದ್ದ ತ್ರಿಶೂಲ. ಆಮ್ಯಾಲ ಬಾಚಣಿಗಿ, ಅದರ ಬೆನ್ನಿಗೆ ವೈ. ಕೆಳಗಿನ ಸಾಲಿನ್ಯಾಗ ಮೊದಲ ಕೊಕ್ಕಿ, ಕೊಕ್ಕಿ ತಲಿ ಮ್ಯಾಲ ಚಸ್ಮಾ. ಬರೀರಿ!"

ಬಾಯಾರು ನನ್ನ ಮುಖಾ ನೋಡಿದ್ರು. ಹಲಗಿಗೆ ಹೊಳ್ಳಿದ್ರು. ಕವಣಿ ಬರದ್ರು. ತ್ರಿಶೂಲ ಬರದ್ರು. ಎರಡನೇ ಸಾಲು ಮುಗಿಯೂದ್ರಾಗ ಖಡು ತಾನ ಓಡಾಕತ್ತಿತು. "ಸಾಕ್ರಿ ಆಯಿ," ಅಂದ್ರು ಹೊಳ್ಳದ, "ಮುಂದಿಂದು ನನಗ ಬಂತು." ಒಂದು ತಾಸು ಹಲಗಿ ತುಂಬಿಸಿ ಒರಸಿ, ತುಂಬಿಸಿ ಒರಸಿ ಹೇಳಿದ್ರು. ಹೊರಗಿನ ಸರ್ ಕೇಳಿದ್ದಕ್ಕೆಲ್ಲಾ ಪಟ ಪಟ ಉತ್ತರಾ. ಗೈಡ್ ಸರ್ ಕಣ್ಣು ತೆರದ್ರು, ಅಷ್ಟ ಅಲ್ಲ, ನಕ್ಕರು ಸುದ್ದಾ.

ನಮ್ಮನ್ನೆಲ್ಲಾ ಹೊರಗ ನಿಲ್ಲಿಸಿ, ತಿರಗಿ ಒಳಗ ಕರದು, "ಡಾಕ್ಟರ್" ಅಂತ ಹೇಳಿದ್ರು. ಬಾಯಾರು ಗೈಡ್ ಸರ್‌ಗೆ ನಮಸ್ಕಾರ ಮಾಡಿದ್ರು, ಅತ್ತಿಗೆ ಮಾಡಿದ್ರು, ನನ್ನ ಕಾಲಿಗೂ ಬಿದ್ದುಬಿಟ್ರು. ನಾ ಎಬ್ಬಿಸಿ ಅಪ್ಪಿಕೊಂಡೆ. ನಮಸ್ಕಾರ ನಾ ಮಾಡಬೇಕಾಗಿತ್ತು ಖರೆ ಅಂದ್ರ. ನನ್ನಂಥಾ ಬಾಯಿಬಡಕಿನ್ನ ಬಾಗಲಾಗಿಂದ ಎಬ್ಬಿಸಿ ಕೆಲಸಕ್ಕ ಹಚ್ಚಿದಾಕಿ ಆಕಿ.

ಚಹಾ ಕುಡಿಯೂ ಹೊತ್ತಿನ್ಯಾಗ ಹೊರಗಿನ ಸರ್ ನನ್ನ ಹತ್ತರ ಬಂದ್ರು. ಮರಾಠಿಯೊಳಗ ಕೇಳಿದ್ರು, "ಆಜೀ, ಆ ಪ್ರಮೇಯ ನಿಮಗ ಹ್ಯಾಂಗ ತಿಳೀತು?"

"ತಿಳೀಲಿಲ್ಲ ಸರ್," ಅಂದೆ ನಾನೂ ಮರಾಠಿಯೊಳಗ. "ಅರ್ಥ ಒಂದಕ್ಷರಾ ಆಗಿಲ್ಲ. ಯಾರ ಬಾಜೂ ಯಾರು ಕುಂತಾರ, ಯಾರ ಬೆನ್ನಿಗೆ ಯಾರು ಹತ್ತ್ಯಾರ, ಯಾರ ತಲಿ ಮ್ಯಾಲ ಯಾರು ಏರ್ಯಾರ, ಅಷ್ಟ ನಾ ನೋಡಿ ಇಟ್ಟಿರತೀನಿ."

ಆ ದೊಡ್ಡ ಸರ್ ಕಪ್ಪು ಕೆಳಗಿಟ್ಟು ಕೈ ಮುಗದ್ರು. "ಆಜೀ, ಗಣಿತಾ ಅಂದ್ರ ಅದ ಅಲ್ಲೇನ್ರಿ!" ಅಂದ್ರು.

ಕೇಳಿದಿ ಏನ ಸೊಸಿ? ಬರಾಬರ ಟೈಪ್ ಮಾಡು. ಜನ್ಮಾ ಪೂರಾ ನಾ ಮಾಡಿದ್ದು ಗಣಿತಾ. ಮಂದಿ ಸುಮ್ಮನ ಚಾಡಿ ಅಂತಿದ್ರು.